ಇಟ್ಟಿಗೆಯಲ್ಲಿ ಚೆಂಡು ತಡೆದ ಹುಡುಗ

ಏಣೆಲು ಕೊಯ್ಲು ಮುಗಿದರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಬೆಟ್ಟು ಗದ್ದೆಗಳೆಲ್ಲ ಒಂದು ಕಾಲಕ್ಕೆ ಕ್ರಿಕೆಟ್ ಮೈದಾನಗಳೇ. ಎರಡನೇ ಬೆಳೆಗೆ ನೀರಿಲ್ಲದ ಗದ್ದೆ ಮಕ್ಕಳ ಪಾಲಿಗೆ ಬಿಟ್ಟದ್ದು. ತೆಂಗಿನ ಕೊತ್ತಳಿಗೆಯ ಬ್ಯಾಟು, ಅಡಿಕೆ ಸಲಾಕೆಯ ಮೂರು ವಿಕೆಟ್ಟು, ರಬ್ಬರ್ ಚೆಂಡು. ದೊಡ್ಡವರು ಬ್ಯಾಟ್ ಹಿಡಿಯುತ್ತಾರೆ, ಚೆಂಡಿನ ಯಜಮಾನ ಬೌಲಿಂಗ್ ಮಾಡುತ್ತಾನೆ. ಎಲ್ಲರಿಗಿಂತ ಸಣ್ಣ ಹುಡುಗನಿಗೆ ಸಿಗುವುದು ವಿಕೆಟ್ ಹಿಂದಿನ ಜಾಗ. ಅದು ಗೌರವದ ಹುದ್ದೆಯಲ್ಲ. ಹಿಂದೆ ತೋಡು ಇರುತ್ತದೆ, ತೋಡಿನ ಆಚೆ ಅಡಿಕೆ ತೋಟ. ತಪ್ಪಿದ ಚೆಂಡು ಅಲ್ಲಿಗೇ ಹೋಗುವುದು, ಹೋದರೆ ಹುಡುಕಿ ತರುವವನೂ ಅವನೇ. ಹತ್ತು ಚೆಂಡು ತಡೆದರೂ ಯಾರೂ ಶಹಬ್ಬಾಸ್ ಎನ್ನುವುದಿಲ್ಲ. ಹನ್ನೊಂದನೆಯದು ತೋಡಿಗೆ ಬಿದ್ದರೆ ಊರಿಗೆಲ್ಲ ಕೇಳುವ ಬೈಗಳು.

ಆ ಜಾಗದಲ್ಲಿ ಹತ್ತು ವರ್ಷ ನಿಂತು ಭಾರತಕ್ಕಾಗಿ ಚೆಂಡು ತಡೆದ ಕನ್ನಡ ನಾಡಿನ ಆಟಗಾರ ಸೈಯದ್ ಮುಜ್ತಬಾ ಹುಸೇನ್ ಕಿರ್ಮಾನಿ. 1949ರ ಡಿಸೆಂಬರ್ 29ರಂದು ಮದರಾಸಿನಲ್ಲಿ ಹುಟ್ಟಿದರೂ ಆಟ ಕಲಿತದ್ದು ಬೆಂಗಳೂರಿನ ಬೀದಿಗಳಲ್ಲಿ. ಕೈಗೆ ಗ್ಲೌಸ್ ಇಲ್ಲದ ಹುಡುಗ ಇಟ್ಟಿಗೆಗಳನ್ನು ಹಿಡಿದು ಚೆಂಡು ತಡೆಯುತ್ತಿದ್ದನಂತೆ. ಇದನ್ನು ಅವರೇ ಅನೇಕ ಸಲ ಹೇಳಿಕೊಂಡಿದ್ದಾರೆ. ಕೇಳಿದವರು ನಗುತ್ತಾರೆ. ಆದರೆ ಗದ್ದೆಯಲ್ಲಿ ಕಾಲಿಗೆ ಅಡಿಕೆ ಹಾಳೆ ಕಟ್ಟಿಕೊಂಡು ಪ್ಯಾಡ್ ಎಂದು ನಿಂತವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಇಟ್ಟಿಗೆಯ ಕತೆಯಲ್ಲಿ ಒಂದು ಸಣ್ಣ ಭೌತಶಾಸ್ತ್ರದ ಪಾಠವೂ ಅಡಗಿದೆ. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಅದು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎನ್ನೋಣ. ಅಂಗೈ ಎರಡೇ ಇಂಚು ಹಿಂದೆ ಸರಿದು ಚೆಂಡನ್ನು ನಿಲ್ಲಿಸಿದರೆ ಕೈಗೆ ಬೀಳುವ ಒತ್ತಡ ಒಂದು ಕ್ವಿಂಟಾಲ್ ಅಕ್ಕಿಮೂಟೆಯ ಭಾರಕ್ಕೆ ಸಮ. ಅದೇ ಕೈ ಚೆಂಡಿನ ಜೊತೆಗೇ ಒಂದಡಿ ಹಿಂದೆ ಸರಿದರೆ ಭಾರ ಹದಿನೇಳು ಕಿಲೋಗೆ ಇಳಿಯುತ್ತದೆ. ಇಟ್ಟಿಗೆ ಸರಿಯುವುದೂ ಇಲ್ಲ, ಬಗ್ಗುವುದೂ ಇಲ್ಲ. ಚೆಂಡು ಬಡಿದು ಹಾರಿ ಹೋಗುತ್ತದೆ. ಆದ್ದರಿಂದ ಇಟ್ಟಿಗೆ ಹಿಡಿದು ಕಲಿತವನಿಗೆ ಚೆಂಡು ಹಿಡಿಯುವುದು ಬರಲಿಕ್ಕಿಲ್ಲ, ಆದರೆ ಚೆಂಡಿನ ದಾರಿಗೆ ಸರಿಯಾಗಿ ಅಡ್ಡ ನಿಲ್ಲುವುದು ಮಾತ್ರ ಖಂಡಿತ ಬರುತ್ತದೆ. ಕೈಯನ್ನು ಮೆತ್ತಗೆ ಹಿಂದೆಳೆಯುವ ವಿದ್ಯೆಯನ್ನು ಗ್ಲೌಸ್ ಸಿಕ್ಕ ಮೇಲೆ ಕಲಿಯಬಹುದು. ಕಿರ್ಮಾನಿ ಕಲಿತದ್ದು ಹೀಗೆಯೇ ಇರಬೇಕು. ಅವರ ಕೀಪಿಂಗ್ ನೋಡಿದವರಿಗೆ ನೆನಪಿರುವುದು ಸದ್ದಿಲ್ಲದ ಆ ಕೈಗಳು.

ಕರಾವಳಿಯ ಓದುಗರು ಇಲ್ಲಿ ಒಂದು ಹೆಸರನ್ನು ಕೇಳಿಯೇ ಕೇಳುತ್ತಾರೆ: ಬುಧಿ ಕುಂದೆರನ್. ಮೂಡುಬಿದಿರೆಯಿಂದ ಕಿನ್ನಿಗೋಳಿ ದಾರಿಯಾಗಿ ಹೋದರೆ ಸಿಗುವ ಮೂಲ್ಕಿಯಲ್ಲಿ 1939ರ ಅಕ್ಟೋಬರ್ 2ರಂದು ಹುಟ್ಟಿ, ಈ ಕಡೆಯ ಅನೇಕರಂತೆ ಬೊಂಬಾಯಿಯಲ್ಲಿ ಬೆಳೆದವರು. 1960ರಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಆಡಿದಾಗ ಅವರು ಇನ್ನೂ ಒಂದೇ ಒಂದು ರಣಜಿ ಪಂದ್ಯ ಆಡಿರಲಿಲ್ಲ! 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು. ಆ ಸರಣಿಯಲ್ಲಿ ಅವರ ಒಟ್ಟು ಗಳಿಕೆ 525. ಆದರೂ ಫರೂಕ್ ಇಂಜಿನಿಯರ್ ಜೊತೆಗಿನ ಪೈಪೋಟಿಯಲ್ಲಿ ಒಳಗೆ ಹೊರಗೆ ಆಗುತ್ತ 18 ಟೆಸ್ಟಿಗೇ ಮುಗಿಸಬೇಕಾಯಿತು. ಕೊನೆಗೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಕುಂದೆರನ್ ಮೈಸೂರು ರಾಜ್ಯದ ಪರ ಆಡುತ್ತಿದ್ದ ಕಾಲದಲ್ಲೇ, 1967–68ರಲ್ಲಿ, ಕಿರ್ಮಾನಿ ಎಂಬ ಹದಿನೆಂಟರ ಹುಡುಗ ಆ ತಂಡಕ್ಕೆ ಕಾಲಿಟ್ಟ. ಒಂದೇ ಜಾಗಕ್ಕೆ ಇಬ್ಬರಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಕಣ್ಣೆದುರಿಗೇ ಇತ್ತು.

ಅವನ ಪಾಲಿಗೆ ಬಂದದ್ದೂ ಅದೇ. ಸಂಗಡಿಗರು ಅವನನ್ನು ‘ಕಿರಿ’ ಎಂದು ಕರೆಯುತ್ತಿದ್ದರು. ಕನ್ನಡದಲ್ಲಿ ಆ ಮಾತಿಗೆ ಬೇರೆ ಅರ್ಥವೂ ಉಂಟಲ್ಲವೆ? ಇಂಜಿನಿಯರ್ ಹಿರಿ, ಇವನು ಕಿರಿ. 1971ರಲ್ಲಿ ವಾಡೇಕರ್ ತಂಡದ ಜೊತೆ ಇಂಗ್ಲೆಂಡಿಗೆ ಹೋದದ್ದಾಯಿತು. ಭಾರತ ಅಲ್ಲಿ ಮೊದಲ ಬಾರಿಗೆ ಸರಣಿ ಗೆದ್ದಿತು. ಕಿರ್ಮಾನಿ ಒಂದೂ ಟೆಸ್ಟ್ ಆಡಲಿಲ್ಲ. 1974ರಲ್ಲಿ ಮತ್ತೆ ಇಂಗ್ಲೆಂಡ್, ಮತ್ತೆ ಪೆವಿಲಿಯನ್ನಿನ ಬೆಂಚು. ಅದೇ ವರ್ಷ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿತ್ತು. ಈ ಕಡೆಯ ಹಳಬರಿಗೆ ಆ ವರ್ಷ ಎಂದರೆ ನೆರೆಯೇ ನೆನಪು, ಭಾರತ ಲಾರ್ಡ್ಸ್‌ನಲ್ಲಿ 42ಕ್ಕೆ ಆಲೌಟಾದದ್ದು ಯಾರಿಗೆ ಬೇಕಿತ್ತು! 1975ರ ಮೊದಲ ವಿಶ್ವಕಪ್‌ಗೂ ಹೋಗಿ ಬಂದರು, ಆಡಿದವರು ಇಂಜಿನಿಯರ್. ಐದು ವರ್ಷ ಸಾಮಾನು ಕಟ್ಟುವುದು, ಬಿಚ್ಚುವುದು. ಆ ಅವಧಿಯಲ್ಲಿ ಮಾಡಿದ ಕೆಲಸವೆಂದರೆ ನೋಡುವುದು. ಇಂಗ್ಲೆಂಡಿನ ಅಲನ್ ನಾಟ್ ಹೇಗೆ ಕೂರುತ್ತಾರೆ, ಯಾವಾಗ ಏಳುತ್ತಾರೆ, ಪಾದ ಎತ್ತ ಇಡುತ್ತಾರೆ ಎಂದು ಗಮನವಿಟ್ಟು ನೋಡಿದರು.

ಊರಲ್ಲಿ ಬೇರೊಂದು ಪಾಠಶಾಲೆ ಇತ್ತು. ಪ್ರಸನ್ನ ಮತ್ತು ಚಂದ್ರಶೇಖರ್ ಇಬ್ಬರೂ ರಾಜ್ಯದ ತಂಡದಲ್ಲಿದ್ದರು. ಬೊಂಬಾಯಿಯ ಸತತ ಹದಿನೈದು ವರ್ಷಗಳ ಪಾರುಪತ್ಯ ಮುರಿದು 1973–74ರಲ್ಲಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಾಗ ಪ್ರಸನ್ನ ನಾಯಕರು. ಈ ಇಬ್ಬರಿಗೆ ಕೀಪಿಂಗ್ ಮಾಡುವುದೆಂದರೆ ಏನು? ಚಂದ್ರಶೇಖರ್ ಪೋಲಿಯೊದಿಂದ ಸೊರಗಿದ ಬಲಗೈಯಲ್ಲಿ ಚೆಂಡೆಸೆಯುತ್ತಿದ್ದರು. ಚೆಂಡು ಯಾವ ಕಡೆ ತಿರುಗುತ್ತದೆಂಬುದು ಎಸೆದವರಿಗೇ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ ಎಂಬ ತಮಾಷೆ ಪ್ರಸಿದ್ಧವಾದದ್ದು. ಸ್ಪಿನ್ನರಾದರೂ ಮಧ್ಯಮ ವೇಗಿಯ ಬಿರುಸು. ಕೀಪರ್ ಮಾತ್ರ ವಿಕೆಟ್‌ಗೆ ಅಂಟಿಕೊಂಡೇ ನಿಲ್ಲಬೇಕು.

ಇದನ್ನು ತರಗತಿಯಲ್ಲೇ ಪರೀಕ್ಷಿಸಿ ನೋಡಬಹುದು. ಒಬ್ಬ ಹುಡುಗ ಅಳತೆಯ ಸ್ಕೇಲನ್ನು ನೆಟ್ಟಗೆ ಹಿಡಿದು ಹೇಳದೆ ಕೇಳದೆ ಬಿಡಲಿ, ಇನ್ನೊಬ್ಬ ಕೆಳಗೆ ಬೆರಳು ಅಗಲಿಸಿಟ್ಟುಕೊಂಡು ಅದನ್ನು ಹಿಡಿಯಲಿ. ಸಾಮಾನ್ಯವಾಗಿ ಸ್ಕೇಲು ಸುಮಾರು ಇಪ್ಪತ್ತು ಸೆಂಟಿಮೀಟರ್ ಜಾರಿದ ಮೇಲೆಯೇ ಅದು ಕೈಗೆ ಸಿಗುವುದು. ಅಂದರೆ ಕಣ್ಣು ಕಂಡದ್ದು ಮಿದುಳಿಗೆ ಹೋಗಿ ಬೆರಳಿಗೆ ಅಪ್ಪಣೆ ಬರಲು ಸೆಕೆಂಡಿನ ಐದನೇ ಒಂದು ಪಾಲು ಬೇಕು. ಬ್ಯಾಟಿನ ಅಂಚಿನಿಂದ ಕೀಪರನ ಕೈಗೆ ಇರುವ ದೂರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಚಂದ್ರಶೇಖರರ ಚೆಂಡು ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿದ್ದರೂ ಆ ದೂರ ದಾಟಲು ಅದಕ್ಕೆ ಬೇಕಾದ್ದು ಸೆಕೆಂಡಿನ ಹದಿಮೂರನೇ ಒಂದು ಪಾಲು. ಲೆಕ್ಕ ಸ್ಪಷ್ಟವಾಗಿದೆ: ಅಂಚು ತಾಗಿದ್ದನ್ನು ಕಂಡು ಕೈ ಸರಿಸಲು ಮನುಷ್ಯನಿಂದ ಸಾಧ್ಯವೇ ಇಲ್ಲ. ಹಾಗಾದರೆ ಕ್ಯಾಚ್ ಹೇಗೆ ಹಿಡಿದರು? ಕೈ ಮೊದಲೇ ಅಲ್ಲಿರಬೇಕು, ಗಟ್ಟಿಯಾಗಿರಬಾರದು. ಬ್ಯಾಟ್ಸ್‌ಮನ್ ಚೆಂಡನ್ನು ಹೊಡೆಯುವುದೇ ಇಲ್ಲ ಎಂದು ನಂಬಿಕೊಂಡು ಪ್ರತಿಯೊಂದು ಚೆಂಡಿಗೂ ಕೂತು ಏಳಬೇಕು. ಟೆಸ್ಟ್ ಪಂದ್ಯದ ಒಂದು ದಿನಕ್ಕೆ ತೊಂಬತ್ತು ಓವರ್ ಎಂದರೆ ಐನೂರ ನಲವತ್ತು ಬಸ್ಕಿ!

ಕೊನೆಗೂ 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಕಿರ್ಮಾನಿಗೆ ಟೆಸ್ಟ್ ಟೋಪಿ ದಕ್ಕಿತು. ಆ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಆರು ವಿಕೆಟ್, ಎರಡನೆಯದರಲ್ಲಿ ಪ್ರಸನ್ನ 76 ರನ್ನಿಗೆ ಎಂಟು. ಹಿಂದೆ ಕೂತವರೂ ಅವರ ಊರಿನವರೇ. ಮುಂದಿನ ಟೆಸ್ಟ್ ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿ ಒಂದೇ ಇನಿಂಗ್ಸಿನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಕಿರ್ಮಾನಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಐದು ವರ್ಷ ಬೆಂಚಿನಲ್ಲಿ ಕೂತವರು ಎರಡನೇ ಪಂದ್ಯದಲ್ಲೇ ದಾಖಲೆ ಪುಸ್ತಕದ ಒಳಗೆ.

ಆದರೆ ಕೀಪರನ ಖಾತೆ ವಿಚಿತ್ರವಾದದ್ದು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೂರನೇ ಬೇಸ್ ಎಂಬ ಜಾಗವಿದೆ. ಬಲಗೈ ಹೊಡೆತಗಾರರ ಬಿರುಸಿನ ಚೆಂಡುಗಳು ಬರುವುದು ಅತ್ತ. ಬಾಲ್ಟಿಮೋರ್ ತಂಡದ ಬ್ರೂಕ್ಸ್ ರಾಬಿನ್ಸನ್ ಅಲ್ಲಿ 23 ಸೀಸನ್ ನಿಂತರು. ಚೆಂಡು ತಡೆಯುವವರಿಗೆಂದೇ ಆ ನಾಡಿನಲ್ಲಿ ವರ್ಷವರ್ಷವೂ ‘ಚಿನ್ನದ ಗ್ಲೌಸ್’ ಪ್ರಶಸ್ತಿ ಕೊಡುತ್ತಾರೆ. ರಾಬಿನ್ಸನ್ 1960ರಿಂದ 1975ರ ತನಕ ಬಿಡದೆ ಹದಿನಾರು ಸಲ ಗೆದ್ದರು. 2023ರಲ್ಲಿ ಅವರು ನಿಧನರಾದಾಗ ಜನ ನೆನೆದದ್ದು ಹೊಡೆದ ಚೆಂಡುಗಳನ್ನಲ್ಲ, ತಡೆದ ಚೆಂಡುಗಳನ್ನು. ಆ ಆಟದಲ್ಲಿ ತಪ್ಪನ್ನೂ ಲೆಕ್ಕದಲ್ಲಿ ಬರೆಯುತ್ತಾರೆ, ಅದಕ್ಕೆ ಬೇರೆಯೇ ಅಂಕಣವಿದೆ. ಕ್ರಿಕೆಟ್ ಸ್ಕೋರು ಪುಸ್ತಕದಲ್ಲಿ ಬಿಟ್ಟ ಕ್ಯಾಚಿಗೆ ಜಾಗವಿಲ್ಲ, ಉಳಿಸಿದ ರನ್ನಿಗಂತೂ ಇಲ್ಲವೇ ಇಲ್ಲ. ಇರುವುದು ‘ಬೈ’ ಎಂಬ ಒಂದು ಸಾಲು ಮಾತ್ರ. 1981–82ರ ಇಂಗ್ಲೆಂಡ್ ಸರಣಿಯಲ್ಲಿ ಸತತ ಮೂರು ಟೆಸ್ಟ್‌ಗಳಲ್ಲಿ ಕಿರ್ಮಾನಿ ಆ ಸಾಲನ್ನು ಸೊನ್ನೆಯಾಗಿಯೇ ಇಟ್ಟರು. ಎದುರಾಳಿಗಳು ಹೆಚ್ಚುಕಡಿಮೆ ಎರಡು ಸಾವಿರ ರನ್ ಹೊಡೆದರು, ಕೀಪರನ ಕೈಯಿಂದ ತಪ್ಪಿ ಹೋದದ್ದು ಒಂದೂ ಇಲ್ಲ. ಶತಕಕ್ಕಿಂತ ಇದು ಕಡಿಮೆಯ ಸಾಧನೆಯೆ? ಆದರೆ ಸೊನ್ನೆಗೆ ಚಪ್ಪಾಳೆ ಹೊಡೆಯುವವರು ಯಾರು!

ಈ ಮರೆವಿನ ಫಲವನ್ನು ಅವರು ಅದಕ್ಕೂ ಮೊದಲೇ ಉಂಡಿದ್ದರು. 1979ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ, ಎರಡನೇ ವಿಶ್ವಕಪ್‌ಗೆ ಅವರನ್ನು ಆರಿಸಲಿಲ್ಲ. ಭಾರತ ಆ ವಿಶ್ವಕಪ್‌ನ ಮೂರೂ ಪಂದ್ಯ ಸೋತಿತು, ಶ್ರೀಲಂಕಾಕ್ಕೂ ಸೋತಿತು. ಅದೇ ವರ್ಷ ಆಸ್ಟ್ರೇಲಿಯ ಇಲ್ಲಿಗೆ ಬಂದಾಗ ಮರಳಿ ಕರೆ ಬಂತು. ಬೊಂಬಾಯಿ ಟೆಸ್ಟಿನಲ್ಲಿ ಸಂಜೆಯ ಹೊತ್ತು, ಒಳ್ಳೆಯ ಬ್ಯಾಟ್ಸ್‌ಮನ್ನನ್ನು ಕಾಪಾಡಲು ಬಲಿಗೆ ಕಳಿಸುವಂತೆ ‘ರಾತ್ರಿ ಕಾವಲುಗಾರ’ನಾಗಿ ಕಳಿಸಿದರು. ಕಾವಲಿಗೆ ಹೋದವರು ಮರುದಿನ 101 ಹೊಡೆದು ಔಟಾಗದೆ ಉಳಿದರು. ಬಾಯಿಯಲ್ಲಿ ಹೇಳಲಾಗದ್ದನ್ನು ಬ್ಯಾಟಿನಲ್ಲಿ ಹೇಳಿದರು ಎಂದರೆ ತಪ್ಪಾಗಲಾರದು.

1983ರ ವಿಶ್ವಕಪ್ಪಿನ ಕತೆ ಎಲ್ಲರಿಗೂ ಗೊತ್ತು, ಕಿರ್ಮಾನಿಯ ಪಾಲು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಜೂನ್ 11ರಂದು ಲೆಸ್ಟರ್‌ನಲ್ಲಿ ಜಿಂಬಾಬ್ವೆ ವಿರುದ್ಧ ಐದು ಕ್ಯಾಚ್. ಒಂದು ವಾರದ ಬಳಿಕ ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಅದೇ ಜಿಂಬಾಬ್ವೆ. ಭಾರತ 17ಕ್ಕೆ ಐದು. ಕಪಿಲ್ ದೇವ್ 175 ಹೊಡೆದರು ಎಂದು ಮಗುವೂ ಹೇಳುತ್ತದೆ. ಎಂಟು ವಿಕೆಟ್ 140ಕ್ಕೆ ಬಿದ್ದಾಗ ಬಂದು ಮತ್ತೊಂದು ತುದಿಯಲ್ಲಿ ನಿಂತವರು ಯಾರು? ಮುರಿಯದ ಒಂಬತ್ತನೇ ಜೊತೆಯಾಟಕ್ಕೆ 126 ರನ್, ಅದರಲ್ಲಿ ಕಿರ್ಮಾನಿಯದು 24. ಆ ದಾಖಲೆ 2010ರ ತನಕ, ಇಪ್ಪತ್ತೇಳು ವರ್ಷ, ಯಾರಿಗೂ ಮುರಿಯಲಾಗಲಿಲ್ಲ. ಬಿಬಿಸಿಯವರು ಆ ಪಂದ್ಯವನ್ನು ಚಿತ್ರೀಕರಿಸಿರಲಿಲ್ಲವಾದ್ದರಿಂದ ಕಂಡವರ ಮಾತೇ ಅದಕ್ಕೆ ಸಾಕ್ಷಿ.

ಫೈನಲ್ ನಡೆದ ಜೂನ್ 25ರಂದು ಈ ಕಡೆ ಮಳೆಗಾಲ. ಹಳ್ಳಿಗಳಲ್ಲಿ ಟೆಲಿವಿಷನ್ ಎಂಬುದು ಕೇಳಿದ ಹೆಸರು ಮಾತ್ರ. ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನ ನಡುವೆ ರೇಡಿಯೋಕ್ಕೆ ಕಿವಿ ಹಚ್ಚಿ ಕೂತ ಮನೆಗಳೆಷ್ಟೋ. ಭಾರತ 161ಕ್ಕೆ ಒಂಬತ್ತು. ಬಲ್ವಿಂದರ್ ಸಂಧು ಜೊತೆ ಕಿರ್ಮಾನಿ ಕೊನೆಯ ವಿಕೆಟ್‌ಗೆ 22 ಕೂಡಿಸಿ 183 ಮಾಡಿದರು. ಆ ಮೇಲೆ ವೆಸ್ಟ್ ಇಂಡೀಸ್ ಐದು ವಿಕೆಟ್ ಕಳೆದುಕೊಂಡಿದ್ದಾಗ ಸಂಧು ಎಸೆದ ಚೆಂಡು ಬ್ಯಾಕಸ್‌ನ ಬ್ಯಾಟಿನ ಅಂಚಿಗೆ ತಾಗಿತು. ಮೊದಲ ಸ್ಲಿಪ್ಪಿಗೆ ಹೋಗುತ್ತಿದ್ದ ಚೆಂಡನ್ನು ಕಿರ್ಮಾನಿ ಬಲಕ್ಕೆ ಹಾರಿ ನೆಲದ ಮಟ್ಟದಲ್ಲಿ ಹಿಡಿದರು. ಇಂದಿಗೂ ಆ ದೃಶ್ಯ ನೋಡಲು ಸಿಗುತ್ತದೆ. ಹಾರುವ ಮುನ್ನ ಅವರ ಬಲಗಾಲು ಎತ್ತ ಸರಿಯುತ್ತದೆಂದು ಗಮನಿಸಬೇಕು. ಆ ಕೂಟದ ಅತ್ಯುತ್ತಮ ವಿಕೆಟ್ ಕೀಪರ್ ಪ್ರಶಸ್ತಿ ಅವರಿಗೇ ಬಂತು. ಪದ್ಮಶ್ರೀ ಹಿಂದಿನ ವರ್ಷವೇ ಬಂದಿತ್ತು.

1984ರ ಕೊನೆಗೆ ಬೊಂಬಾಯಿಯಲ್ಲಿ ಇಂಗ್ಲೆಂಡ್ ವಿರುದ್ಧ 102, ರವಿಶಾಸ್ತ್ರಿ ಜೊತೆ ಏಳನೇ ವಿಕೆಟ್‌ಗೆ 235. ಇಷ್ಟಾಗಿಯೂ ಕೆಲವೇ ತಿಂಗಳಲ್ಲಿ ತಂಡ ಆಸ್ಟ್ರೇಲಿಯಕ್ಕೆ ಹೊರಟಾಗ ಅವರ ಹೆಸರಿರಲಿಲ್ಲ. ಬಂದವರು ಬೆಂಗಳೂರಿನವರೇ ಆದ ಸದಾನಂದ ವಿಶ್ವನಾಥ್, ಇಪ್ಪತ್ತೆರಡರ ಯುವಕ. ಅವರು ಚೆನ್ನಾಗಿಯೇ ಆಡಿದರು, ಭಾರತ ಆ ಕೂಟವನ್ನೂ ಗೆದ್ದಿತು. ಕಿರಿ ಈಗ ಹಿರಿಯ, ಪೆವಿಲಿಯನ್ನಿನ ಬೆಂಚೂ ಇಲ್ಲ. 1985ರ ಕೊನೆಗೆ ಮತ್ತೊಮ್ಮೆ ಕರೆ ಬಂದು ಆಸ್ಟ್ರೇಲಿಯದಲ್ಲಿ ಮೂರು ಟೆಸ್ಟ್ ಆಡಿದರು. ಟೆಸ್ಟ್ ಮುಗಿದು ಏಕದಿನ ಪಂದ್ಯಗಳು ನಡೆಯುತ್ತಿದ್ದಾಗ ಗಾಯವಾಯಿತು. ಕಿರಣ್ ಮೋರೆ ಗ್ಲೌಸ್ ತೊಟ್ಟರು. ಅಲ್ಲಿಗೆ ಮುಗಿಯಿತು. 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್. ಕೂಡಿಸಿದರೆ 198. ಇನ್ನೂರಕ್ಕೆ ಎರಡು ಕಡಿಮೆ. ಭಾರತದ ಮಟ್ಟಿಗೆ ಧೋನಿ ಬರುವ ತನಕ ಆ ಸಂಖ್ಯೆಯನ್ನು ಯಾರೂ ದಾಟಲಿಲ್ಲ.

ಬೆಟ್ಟು ಗದ್ದೆಗಳು ಈಗ ಕಡಿಮೆ. ಬೆಳ್ತಂಗಡಿ ಕಡೆ ರಬ್ಬರ್ ಬಂದಿದೆ, ಉಳಿದ ಕಡೆ ಅಡಿಕೆ. ಕ್ರಿಕೆಟ್ ಮಾತ್ರ ಹೋಗಿಲ್ಲ. ಹೊನಲು ಬೆಳಕಿನ ಅಂಡರ್ ಆರ್ಮ್ ಪಂದ್ಯಾಟಗಳಿಗೆ ಊರಿಗೊಂದರಂತೆ ಬ್ಯಾನರು ಕಟ್ಟುತ್ತಾರೆ. ಉತ್ತಮ ದಾಂಡಿಗ, ಉತ್ತಮ ಎಸೆತಗಾರ, ಸರಣಿಶ್ರೇಷ್ಠ ಎಂದು ಮೇಜಿನ ಮೇಲೆ ಸಾಲಾಗಿ ಕಪ್ಪುಗಳಿರುತ್ತವೆ. ಕೆಲವು ಕಡೆ ಉತ್ತಮ ಗೂಟರಕ್ಷಕ ಎಂದೂ ಒಂದು ಇರುತ್ತದೆ, ಸಾಲಿನ ಕೊನೆಗೆ, ಉಳಿದವುಗಳಿಗಿಂತ ಸ್ವಲ್ಪ ಸಣ್ಣದು.