ತಾಳ ಕೂಡುವ ಫ್ರೇಮು

ರಾತ್ರಿ ಹನ್ನೊಂದೂವರೆ. ಹಡಪಸರದ ಗಾಡಿತಳದಲ್ಲಿ ಮಳೆ ಹನಿಯುತ್ತಿದೆ. ಪಂಢರಪುರಕ್ಕೆ ಹೊರಟ ಎರಡೂ ಪಾಲಖಿಗಳು ಇವತ್ತು ಇಲ್ಲೇ ಅಗಲಿದವು. ಜ್ಞಾನೇಶ್ವರರದು ದಿವೆ ಘಾಟಿನ ಕಡೆ, ಸಾಸವಡಕ್ಕೆ. ತುಕಾರಾಮರದು ಸೊಲ್ಲಾಪುರ ರಸ್ತೆ ಹಿಡಿದು ಲೋಣಿ ಕಾಳಭೋರಕ್ಕೆ. ನಮ್ಮ ಮೂರನೇ ಮಹಡಿಯ ಕೋಣೆಯಲ್ಲಿ ಈಗ ಲ್ಯಾಪ್‌ಟಾಪಿನ ಫ್ಯಾನಿನದೇ ಸದ್ದು.

ಇವತ್ತು ಮೊಬೈಲಿನಲ್ಲಿ ಹಿಡಿದದ್ದು ಪರದೆಯ ಮೇಲಿದೆ: ಒಬ್ಬ ಮುದುಕಿ ತಾಳ ಎತ್ತಿದ್ದಾಳೆ. ಪ್ಲೇ ಒತ್ತುತ್ತೇನೆ. ಚಿತ್ರ ತಡವರಿಸುತ್ತದೆ, ನಿಲ್ಲುತ್ತದೆ, ಥಟ್ಟನೆ ಮುಂದಕ್ಕೆ ಹಾರುತ್ತದೆ. ಮೊದಲು ಠಣ್ ಎನ್ನುತ್ತದೆ, ಆಮೇಲೆ ತಾಳ ಕೂಡುತ್ತದೆ.

"ಯಾಕೋ, ಬಾಯಿ ಒಂದ್ ಕಡೆ ದನಿ ಒಂದ್ ಕಡೆ?" ಅವ್ವ ಹಿಂದೆ ಬಂದು ನಿಂತಿದ್ದಾಳೆ.

ಮೊಬೈಲಿನ ಎಚ್.264 ಫೈಲು ಜಾಗ ಉಳಿಸಲೆಂದೇ ಹುಟ್ಟಿದ್ದು. ಅದರಲ್ಲಿ ಆಗೊಂದು ಈಗೊಂದು ಫ್ರೇಮು ಮಾತ್ರ ಪೂರ್ತಿ ಚಿತ್ರ. ನಡುವಿನವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬ ಲೆಕ್ಕವಷ್ಟೇ. ಆ ತಾಳದ ಹತ್ತಿರ ಹೋಗಿ ನಿಲ್ಲಬೇಕೆಂದರೆ ಯಂತ್ರ ಹಿಂದಿನ ಪೂರ್ತಿ ಫ್ರೇಮಿಗೆ ಓಡಿಹೋಗಿ, ಅಲ್ಲಿಂದ ಲೆಕ್ಕ ಕೂಡಿಸುತ್ತಾ ಬರಬೇಕು. ಕತ್ತರಿಸಲು ಕೂತವರು ಸಾವಿರ ಸಲ ಹಿಂದೆ ಮುಂದೆ ಎಳೆಯುತ್ತೇವೆ. ಸಾಲದ್ದಕ್ಕೆ ಮೊಬೈಲು ಸೆಕೆಂಡಿಗೆ 30 ಫ್ರೇಮು ಎಂದು ಹೇಳಿ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ಹಿಡಿಯುತ್ತದೆ. ದನಿ ಜಾರುವುದು ಅಲ್ಲೇ.

ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶಕ್ಕೆ ಆಜ್ಞೆ ಕೊಡುತ್ತೇನೆ: ಎಲ್ಲವನ್ನೂ ಸಮನಾದ 30 ಫ್ರೇಮಿಗೆ ಕೂರಿಸಿ ಪ್ರೊರೆಸ್ 422 ಮಾಡು. ಆಪಲ್ 2007ರಲ್ಲಿ ತಂದ ಈ ಬಗೆಯಲ್ಲಿ ಪ್ರತಿ ಫ್ರೇಮೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಜಾಗ ಮಾತ್ರ ವಿಪರೀತ ತಿನ್ನುತ್ತದೆ: ನನ್ನ ನಲವತ್ತು ನಿಮಿಷದ 6 ಜಿಬಿ ಸುಮಾರು 44 ಜಿಬಿಯಾಗಲಿದೆ. ಇದರಿಂದ ಚಿತ್ರ ಚೆಂದವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಳೆಯಲ್ಲಿ ಕದಡಿದ ಕೇಸರಿ ಪತಾಕೆಯ ಅಂಚು ಹಾಗೇ ಕದಡಿರುತ್ತದೆ. ಮೊಬೈಲು ಬಿಟ್ಟದ್ದನ್ನು ಯಾವ ಫೈಲೂ ತಂದುಕೊಡದು. ಮೂಲ ಫೈಲುಗಳನ್ನು ಅಳಿಸುವುದಿಲ್ಲ, ಬೇರೆ ಡಿಸ್ಕಿನಲ್ಲಿಡುತ್ತೇನೆ.

ಪರದೆಯಲ್ಲಿ ಅಂಕಿ ಓಡುತ್ತಿದೆ. ಅವ್ವ ಚಹಾ ತಂದಿಟ್ಟು ಪಕ್ಕದಲ್ಲೇ ಕೂರುತ್ತಾಳೆ. ಇಂಡಿಯಿಂದ ಮದುವೆಯಾಗಿ ಬಂದವಳು. ಅವಳ ತವರಿನವರೂ ಆಷಾಢಕ್ಕೆ ಪಂಢರಪುರಕ್ಕೆ ನಡೆದವರೇ.

ಹನ್ನೆರಡೂ ಮುಕ್ಕಾಲು. ಹೊಸ ಫೈಲು ತೆರೆದು ಬಾಣದ ಕೀಲಿ ಒತ್ತುತ್ತೇನೆ. ಒಂದು ಒತ್ತಿಗೆ ಒಂದು ಫ್ರೇಮು, ಎಲ್ಲೂ ಎಡವದೆ. ಕೈ ಇಳಿಯುತ್ತಿದೆ. ಹಸಿರು ಬಳೆ ಮೊಣಕೈ ಕಡೆ ಜಾರುತ್ತಿದೆ. ತಾಳದ ಅಂಚಿನಿಂದ ಒಂದು ಹನಿ ಬಿಟ್ಟಿದೆ. ಮುಂದಿನ ಫ್ರೇಮಿನಲ್ಲಿ ಎರಡೂ ಹಿತ್ತಾಳೆ ಕೂಡಿವೆ; ಕೆಳಗೆ ದನಿಯ ಗೆರೆಯೂ ಸರಿಯಾಗಿ ಅಲ್ಲೇ ಎದ್ದಿದೆ.

"ಅಲ್ಲೇ ನಿಂದ್ರಸು," ಎನ್ನುತ್ತಾಳೆ ಅವ್ವ.