ಕುಂದಗೋಳ ಠೇಸನ್ನಿನ ಬೆಳಗಿನ ಜಾವ

ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಜ್ಜ ನನ್ನನ್ನು ಮೊದಲ ಸಲ ಕರೆದೊಯ್ದಾಗ ನಾನಿನ್ನೂ ಪ್ರೈಮರಿ ಸಾಲೆಯ ಹುಡುಗ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಗಾಯನ. ಭೈರವಿ ಮುಗಿದದ್ದೇ ಪರವೂರಿನವರೆಲ್ಲ ಠೇಸನ್ನಿನ ದಾರಿ ಹಿಡಿದರು. ಮಳೆ ಬಿದ್ದು ಎರೆಮಣ್ಣು ಜಿಗುಟಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಕಡ್ಡಿಯಿಂದ ಚಪ್ಪಲಿಯ ಮಣ್ಣು ಕೆರೆದು, ಮತ್ತೆ ಮೆಟ್ಟಿ ನಡೆಯಬೇಕು.

ಅದು ಮೀಟರ್‌ಗೇಜ್ ಕಾಲ. ಹುಬ್ಬಳ್ಳಿ ಗಾಡಿಗೆ ಇನ್ನೂ ಹೊತ್ತಿತ್ತು. ಹೊರಗೆ ಚಾದಂಗಡಿಯವ ಹತ್ತಿಕಟ್ಟಿಗೆ ಹಾಕಿ ಒಲೆ ಹೊತ್ತಿಸಿದ್ದ. ಆ ಬೆಂಕಿಗೆ ಕೈ ಕಾಯಿಸುತ್ತ ಅಜ್ಜ ಕೇಳಿದ: “ಇದ ಠೇಸನ್ನಿನ್ಯಾಗ ಗಂಗೂಬಾಯಿ ಎಷ್ಟ ರಾತ್ರಿ ಗಾಡಿ ಕಾದಾರ, ಗೊತ್ತೈತೇನು?”

ಗಂಗೂಬಾಯಿ ಗಾಡಿ ಕಾಯುತ್ತಿದ್ದ ಆ ಕಾಲಕ್ಕೆ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. 1886ರಲ್ಲಿ ಹುಟ್ಟಿದ ಸವಾಯಿ ಗಂಧರ್ವರು ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಮರಳಿ ಇಲ್ಲೇ ನೆಲೆಸಿದ್ದರು. ಸುಮಾರು 20 ಕಿ.ಮೀ. ದೂರದ ಹುಬ್ಬಳ್ಳಿಯಿಂದ ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಗಾಡಿಯಲ್ಲಿ ಬಂದು, ಪಾಠ ಮುಗಿಸಿ, ರಾತ್ರಿ ಗಾಡಿಗೆ ಹಿಂತಿರುಗುತ್ತಿದ್ದರು. ಮನೆಯಲ್ಲಿ ಸಂಸಾರದ ಭಾರ, ಓಣಿಯಲ್ಲಿ ಹಾಡುವ ಹೆಂಗಸೆಂಬ ಕುಹಕ. ಎರಡನ್ನೂ ಸಹಿಸಿ ಮೂರು ವರ್ಷ ಓಡಾಡಿದರು. ಗುರುಗಳ ಮನೆಗೆ ನೀರು ಹೊತ್ತು ತರುತ್ತಿದ್ದ ಗದುಗಿನ ಹುಡುಗ ಭೀಮಸೇನ ಜೋಶಿ ಕತ್ತಲಲ್ಲಿ ಅವರ ಜೊತೆ ಠೇಸನ್ನಿಗೆ ಬರುತ್ತಿದ್ದರು. “ಅಕ್ಕನ್ನ ಗಾಡಿ ಹತ್ತಿಸೇ ಭೀಮಣ್ಣ ಮನಿಗೆ ಹೋಗಾಂವ,” ಎಂದ ಅಜ್ಜ.

ಆ ಅಕ್ಕನಿಗೆ 2002ರಲ್ಲಿ ಪದ್ಮವಿಭೂಷಣ, ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಬಂತು. ಅಜ್ಜನ ಪ್ರಶ್ನೆಯ ತೂಕ ನನಗೆ ತಿಳಿದದ್ದು ಆಗಲೇ.

ಈ ಮೂವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯ ಚರಿತ್ರೆ ಹೇಳುವವರು ವಾಡೆಯನ್ನು ಮರೆಯುವುದಿಲ್ಲ, ಠೇಸನ್ನನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅಂದು ಹುಬ್ಬಳ್ಳಿಯ ಮನೆಯನ್ನೂ ಕುಂದಗೋಳದ ಗುರುವನ್ನೂ ಜೋಡಿಸಿದ್ದು ಈ ಗಾಡಿಯೇ. ಇದಿಲ್ಲದಿದ್ದರೆ ಮಕ್ಕಳೊಂದಿಗಳಾದ ತಾಯಿಯೊಬ್ಬಳಿಗೆ ಆ ಪಾಠ ದಕ್ಕುತ್ತಿರಲಿಲ್ಲ.

ಮೀಟರ್‌ಗೇಜ್ ಹಳಿ ಹೋಗಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು. ಪ್ಯಾಸೆಂಜರ್ ಗಾಡಿ ಇಂದಿಗೂ ಇಲ್ಲಿ ನಿಲ್ಲುತ್ತದೆ. ಪುಣ್ಯತಿಥಿಗೆ ಬರುವವರು ಒಮ್ಮೆಯಾದರೂ ಕಾರು ಬಿಟ್ಟು ರೈಲಿನಲ್ಲೇ ಬನ್ನಿ. ಠೇಸನ್ನಿನಿಂದ ವಾಡೆಯವರೆಗೆ ಮಕ್ಕಳನ್ನು ನಡೆಸಿಕೊಂಡು ಹೋಗಿ, ದಾರಿಯಲ್ಲಿ ಈ ಕಥೆ ಹೇಳಿ.