ಬಸ್ ಹತ್ತುವ ದಿನ ಬಿಟ್ಟ ಮಾತ್ರೆ

ಮನೆಗಳಲ್ಲಿ ಅದಕ್ಕೆ ‘ಮೂತ್ರ ಹೋಗೋ ಮಾತ್ರೆ’ ಅಂತಲೇ ಹೆಸರು. ಕಾಲು ಬಾತರೆ ಫ್ಯೂರೋಸಮೈಡ್, ಬಿಪಿಗೆ ಕ್ಲೋರ್ಥಾಲಿಡೋನ್. ದೂರದ ಮದುವೆಗೆ ಬಸ್ ಹತ್ತುವ ದಿನ ಎಷ್ಟೋ ಹೆಂಗಸರು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ದಾರಿಯಲ್ಲಿ ಶೌಚಾಲಯ ಸಿಗದಿದ್ದರೆ ಎಂಬ ಭಯ, ನೀರನ್ನೂ ಕುಡಿಯುವುದಿಲ್ಲ. ಸಂಜೆಗೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತಿರುತ್ತದೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ, ಪ್ರಯಾಣದ ದಿನ ಹೊತ್ತು ಬದಲಿಸಬಹುದಾ ಅಂತ ಕೇಳಿ. ಫ್ಯೂರೋಸಮೈಡ್‌ನ ಜೋರು ಸುಮಾರು 6 ಗಂಟೆ. ಊರು ಸೇರಿದ ಮೇಲೆ ತಗೊಳ್ಳಿ ಎಂದು ಅವರೇ ಹೇಳಬಹುದು.

ಇನ್ನು ಎಳನೀರು. ಫ್ಯೂರೋಸಮೈಡ್ ದೇಹದ ಪೊಟ್ಯಾಸಿಯಂ ಹೊರಹಾಕುತ್ತದೆ, ಇದೇ ಬಗೆಯ ಇನ್ನೊಂದು ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ಒಳಗೇ ಉಳಿಸುತ್ತದೆ. ಈ ಎರಡನೆಯದನ್ನು ನುಂಗುವವರು ತಂಪು ಅಂತ ದಿನಾ ಎಳನೀರು ಕುಡಿದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಪ್ಯಾಕೆಟ್ ತಿರುಗಿಸಿ ಓದಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಈ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು. ವಾಂತಿ-ಭೇದಿ ಹತ್ತಿಕೊಂಡರೆ ಮಾತ್ರೆ ಮುಂದುವರಿಸಬೇಕಾ ಅಂತ ಅವತ್ತೇ ಫೋನ್ ಮಾಡಿ ಕೇಳಿ. 3 ದಿನದಲ್ಲಿ ತೂಕ 2 ಕಿಲೋ ಏರಿದರೂ ಅಷ್ಟೇ.